ಸೆಕೆಯೂರಿನವರ ಹಿಮಯಾತ್ರೆ

ತನ್ನಲ್ಲಿರುವುದನ್ನು ಮರೆತು ಇಲ್ಲದುದಕ್ಕೆ ಹಂಬಲಿಸುವುದು ಮನುಷ್ಯನ ಸ್ವಭಾವ. ಚಳಿಯ ದೇಶದವರು ಬಿಸಿಲನ್ನು ಅರಸಿಕೊಂಡು ಕಡಲ ತೀರಕ್ಕೆ ಬರುತ್ತಾರೆ. ವರ್ಷದ ಎಂಟು ತಿಂಗಳು ಬೀಸಣಿಗೆಯನ್ನು ಕೈಬಿಡದ ನಾವು ಹಿಮದ ಕನಸು ಕಾಣುತ್ತೇವೆ. ನಮ್ಮ ಮನೆಯಲ್ಲಿ ಈ ಕನಸಿಗೆ ಕಾರಣವಾದುದು ಒಂದು ಛಾಯಾಚಿತ್ರ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ನೆಲಸಿರುವ ನಂಟರು ಅದನ್ನು ಕಳುಹಿಸಿದ್ದರು. ಆ ನಗರವೂ ಬೆಚ್ಚನೆಯದೇ. ಆದರೆ ಅದರ ಬೆನ್ನಿಗೆ 10,000 ಅಡಿಗಳನ್ನು ಮೀರಿದ ಪರ್ವತಗಳಿವೆ. ಚಳಿಗಾಲದಲ್ಲಿ ಅಲ್ಲಿಯ ಸಂಸಾರಗಳು ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು, ಹಗಲೆಲ್ಲಾ ಹಿಮದಲ್ಲಿ ಆಡಿ, ರಾತ್ರಿಯ ಊಟಕ್ಕೆ ಮನೆಗೆ ಮರಳುವುದುಂಟು. ಚಿತ್ರದಲ್ಲಿ ಇಬ್ಬರು ಮಕ್ಕಳು ಹಿಮದ ಉಂಡೆಗಳನ್ನು ಹಿಡಿದು ನಗುತ್ತಿದ್ದರು.

ಅದನ್ನು ನೋಡಿದ ನಮ್ಮ ಎಂಟು ವರ್ಷದ ಹುಡುಗಿಯು, "ನಮ್ಮ ಬೆನ್ನಿಗೂ ಘಟ್ಟವಿದೆಯಲ್ಲ! ನಾವೇಕೆ ಹಿಮಕ್ಕೆ ಹೋಗಬಾರದು?" ಎಂದು ಕೇಳಿದಳು. ಪ್ರಶ್ನೆಯು ನ್ಯಾಯವಾದುದೇ ಆಗಿತ್ತು.

ಮೇಲಕ್ಕೆ ಏರಿದಂತೆ ಪ್ರತಿ 1,000 ಅಡಿಗೆ ಸುಮಾರು 2 ಡಿಗ್ರಿಯಷ್ಟು ಉಷ್ಣತೆ ಇಳಿಯುವುದೆಂದು ಹವಾಶಾಸ್ತ್ರವು ಹೇಳುತ್ತದೆ. ಬಂಟ್ವಾಳದಲ್ಲಿ 30 ಡಿಗ್ರಿ ಇರುವ ದಿನ ನೀರು ಹೆಪ್ಪುಗಟ್ಟುವ ತಂಪು ಬೇಕಾದರೆ ಸುಮಾರು 15,000 ಅಡಿ ಏರಬೇಕು. ನಮ್ಮ ಕುದುರೆಮುಖವು 6,200 ಅಡಿಗಳಷ್ಟು. ದಕ್ಷಿಣ ಭಾರತದ ಅತ್ಯುನ್ನತ ಶಿಖರವಾದ ಆನೆಮುಡಿಯೂ 8,842 ಅಡಿಗಳು ಮಾತ್ರ. ಬೇಸಗೆಯ ಮಳೆಯೊಡನೆ ಎಂದಾದರೊಮ್ಮೆ ಬೀಳುವ ನಾಲ್ಕು ಆಲಿಕಲ್ಲುಗಳೇ ನಮ್ಮ ಪಾಲಿನ ಹಿಮ. ಈ ಲೆಕ್ಕವನ್ನು ಕೇಳಿ ಹುಡುಗಿಯ ಮುಖ ಬಾಡಿತು. ಆಗ ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯು, "ಹಿಮವನ್ನು ನಾನೂ ಕಂಡವಳಲ್ಲ, ಮಗೂ. ನನ್ನ ತವರಿನ ಮಂಜನ್ನು ಬೇಕಾದರೆ ತೋರಿಸುತ್ತೇನೆ," ಎಂದರು.

ಅಜ್ಜಿಯ ತವರು ಘಟ್ಟದ ಮೇಲೆ, ಮೂಡಿಗೆರೆಯ ಕಡೆಯದು. ಮದುವೆಯಾಗಿ ಘಟ್ಟದ ಕೆಳಗೆ ಬಂದವರು. ಒಡಹುಟ್ಟಿದವರು ತೀರಿಕೊಂಡ ಬಳಿಕ ಹೋಗಿ ಬರುವ ಸಂದರ್ಭವೇ ಒದಗಿರಲಿಲ್ಲ. ಅವರಾಗಿ ಹೋಗೋಣವೆಂದುದು ಎಷ್ಟೋ ವರ್ಷಗಳಲ್ಲಿ ಅದೇ ಮೊದಲು. ಹೀಗೆ ಕಳೆದ ದಸರೆಯ ರಜೆಯಲ್ಲಿ ನಮ್ಮ ಹಿಮಯಾತ್ರೆಯು ನಿಶ್ಚಯವಾಯಿತು.

ಬಂಟ್ವಾಳದಿಂದ ಕೊಟ್ಟಿಗೆಹಾರಕ್ಕೆ ಸುಮಾರು 80 ಕಿಲೋಮೀಟರುಗಳ ದಾರಿ. ಕೋಳಿ ಕೂಗುವ ಹೊತ್ತಿಗೇ ಹೊರಟೆವು. ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರುಗಳನ್ನು ದಾಟಿ ಗುರುವಾಯನಕೆರೆಗೆ ಬರುವಷ್ಟರಲ್ಲಿ ವೇಣೂರಿನ ಮಾರ್ಗವಾಗಿ ಬಂದ ಮೂಡಬಿದಿರೆಯ ನಂಟರು ನಮ್ಮನ್ನು ಕೂಡಿಕೊಂಡರು. ಬೆಳ್ತಂಗಡಿಯ ಬಳಿ ಗಡಾಯಿಕಲ್ಲು ಕಾಣಿಸಿತು. ಟಿಪ್ಪು ಸುಲ್ತಾನನು 1794ರಲ್ಲಿ ತನ್ನ ತಾಯಿಯ ಹೆಸರಿನಲ್ಲಿ ಜಮಾಲಾಬಾದ್ ಕೋಟೆಯನ್ನು ಕಟ್ಟಿಸಿದ ಬಂಡೆಯಿದು. ಅಂದು ಅದರ ತಲೆಯ ಮೇಲೆ ಬಿಳಿಯ ಮುಗಿಲೊಂದು ಕುಳಿತಿದ್ದಿತು. "ಹಿಮ!" ಎಂದು ಮಕ್ಕಳು ಕೂಗಿದರು. ನಾವು ತಿದ್ದಲು ಹೋಗಲಿಲ್ಲ.

ಉಜಿರೆ, ಮುಂಡಾಜೆ, ಕಕ್ಕಿಂಜೆಗಳಾದ ಮೇಲೆ ಚಾರ್ಮಾಡಿ. ಅಲ್ಲಿಂದ ಮುಂದೆ ತಿರುವುಗಳ ದಾರಿ. ಒಂದೊಂದು ತಿರುವಿಗೂ ಗಾಳಿಯ ಗುಣ ಬದಲಾಗುವುದು. ಮೊದಲು ಸೆಕೆ ಕಳೆಯಿತು. ಆಮೇಲೆ ಸೆರಗುಗಳು ಹೆಗಲನ್ನು ಸುತ್ತಿದವು. ಅಣ್ಣಪ್ಪ ಸ್ವಾಮಿಯ ಗುಡಿಯಲ್ಲಿ ಕೈಮುಗಿದು ಮುಂದುವರಿಯುವಾಗ ಮಕ್ಕಳ ಬಾಯಿಂದ ಬಿಳಿಯ ಉಸಿರು ಹೊರಡುತ್ತಿದೆಯೇ ಎಂಬ ಪರೀಕ್ಷೆಯು ನಡೆದಿತ್ತು. ಮತ್ತೆರಡು ತಿರುವುಗಳಲ್ಲಿ ಕಣಿವೆಯೇ ಮಾಯವಾಯಿತು. ಹಾಲಿನಂಥ ಮಂಜು ಎದುರಿನ ಮರಗಳನ್ನು ಒಂದೊಂದಾಗಿ ನುಂಗಿಬಿಟ್ಟಿತು.

ಈ ಮಂಜು ಬರುವುದೆಲ್ಲಿಂದ? ಕಡಲಿನ ತೇವವನ್ನು ಹೊತ್ತ ಗಾಳಿಯು ಘಟ್ಟದ ಗೋಡೆಗೆ ತಾಗಿ ಮೇಲೇರಬೇಕಾಗುತ್ತದೆ, ಏರಿದಂತೆ ತಣಿಯುತ್ತದೆ, ತಣಿದಂತೆ ಅದರೊಳಗಿನ ಆವಿಯು ಕಣ್ಣಿಗೆ ಕಾಣುವ ಹನಿಗಳಾಗುತ್ತದೆ. ಕೆಳಗೆ ನಿಂತವರಿಗೆ ಅದು ಮೋಡ. ಒಳಗೆ ನಿಂತವರಿಗೆ ಮಂಜು.

ದಾರಿ ಅಗಲವಾಗಿದ್ದ ಒಂದು ಕಡೆ ಇಳಿದೆವು. ಮಕ್ಕಳು ಮಂಜನ್ನು ಹಿಡಿಯಲು ಓಡಿದರು. ಹಿಡಿದ ಮುಷ್ಟಿ ಬರಿದಾಗಿಯೂ ಒದ್ದೆಯಾಗಿಯೂ ಇತ್ತು. ಹುಡುಗಿಯು ತಿಂಡಿಯ ಡಬ್ಬಿಯನ್ನು ಬರಿದು ಮಾಡಿ, ಅದರಲ್ಲಿ ಮಂಜನ್ನು ತುಂಬಿ ಮುಚ್ಚಳ ಹಾಕಿದಳು. ಅಜ್ಜಿಯು ಒಂದು ಕಲ್ಲಿನ ಮೇಲೆ ಕುಳಿತು ಕಣ್ಣು ಮುಚ್ಚಿಕೊಂಡಿದ್ದರು. "ಬಚ್ಚಲೊಲೆಯ ಮೇಲೆ ಅವ್ವ ನಮ್ಮ ಬಟ್ಟೆ ಒಣಗಿಸುತ್ತಿದ್ದಳು, ಅದೇ ವಾಸನೆ," ಎಂದಷ್ಟೇ ನುಡಿದರು.

ಅಷ್ಟರಲ್ಲಿ ನಮ್ಮ ಎದೆ ನಡುಗಿಸುವಂಥ ಘಟನೆಯೊಂದು ನಡೆಯಿತು. ರಸ್ತೆಯ ಬದಿಗೆ ಧುಮುಕುತ್ತಿದ್ದ ಸಣ್ಣ ಅಬ್ಬಿಯ ಕಡೆಗೆ ನಂಟರ ಹುಡುಗನು ಯಾರಿಗೂ ತಿಳಿಸದೆ ಹೋಗಿ, ಪಾಚಿಗಟ್ಟಿದ ಬಂಡೆಯ ಮೇಲೆ ಕಾಲಿಟ್ಟಿದ್ದನು. ಮಂಜಿನಲ್ಲಿ ನಮಗೆ ಅವನು ಕಾಣಿಸಲಿಲ್ಲ. ಅಜ್ಜಿಯು ಮಾತ್ರ ಮಕ್ಕಳ ದನಿಗಳಲ್ಲಿ ಒಂದು ಕಡಿಮೆಯಾದುದನ್ನು ಕಿವಿಯಿಂದಲೇ ತಿಳಿದು, ಹೆಸರು ಹಿಡಿದು ಕೂಗಿದರು. ಉತ್ತರ ಬಂದ ದಿಕ್ಕಿಗೆ ಓಡಿ ಅವನನ್ನು ಎತ್ತಿಕೊಂಡು ಬಂದೆವು. ಮೊಣಕಾಲು ತರಚಿತ್ತು, ಅಷ್ಟೆ. ಮತ್ತೆರಡು ಹೆಜ್ಜೆ ಇಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ಬರೆಯಲು ಕೈ ಬಾರದು. ತಪ್ಪು ಮಗುವಿನದಲ್ಲ, ಮೈಮರೆತ ಹಿರಿಯರಾದ ನಮ್ಮದು.

ಆದುದರಿಂದ ಈ ದಾರಿ ಹಿಡಿಯುವ ಗೃಹಸ್ಥರಿಗೆ ನಮ್ಮ ಕೆಲವು ವಿಜ್ಞಾಪನೆಗಳಿವೆ. ಭರ್ತಿ ಮಳೆಗಾಲದಲ್ಲಿ ಮಕ್ಕಳೊಡನೆ ಹೋಗಬಾರದು. 2019ರ ಆಗಸ್ಟಿನಲ್ಲಿ ಇದೇ ಘಟ್ಟದಲ್ಲಿ ಗುಡ್ಡಗಳು ಕುಸಿದು ಸಂಚಾರವೇ ನಿಂತುಹೋಗಿದ್ದಿತು. ಮಳೆ ಹಿಂಜರಿದ ಮೇಲಿನ ಬೆಳಗುಗಳು ಯೋಗ್ಯವಾದವು. ತಿರುವಿನಲ್ಲಿ ವಾಹನ ನಿಲ್ಲಿಸಬಾರದು. ಅಬ್ಬಿಯ ಬಂಡೆಯನ್ನು ಏರಬಾರದು. ಒಂದೊಂದು ಮಗುವಿಗೆ ಒಬ್ಬೊಬ್ಬ ಹಿರಿಯರನ್ನು ನೇಮಿಸಬೇಕು. ಕತ್ತಲಾಗುವ ಮುನ್ನ ಇಳಿದುಬಿಡಬೇಕು. ಕೋತಿಗಳಿಗೆ ತಿಂಡಿ ಎಸೆಯುವುದೂ ಪ್ಲಾಸ್ಟಿಕ್ಕನ್ನು ಕಣಿವೆಗೆ ಬಿಸಾಡುವುದೂ ಕೂಡದು. ಬಾಳೆಯೆಲೆಯಲ್ಲಿ ಕಟ್ಟಿದ ಬುತ್ತಿಗೆ ಸಮನಾದುದಿಲ್ಲ.

ಕೊಟ್ಟಿಗೆಹಾರದಲ್ಲಿ ಬಿಸಿಬಿಸಿ ನೀರುದೋಸೆಯನ್ನು ತಿನ್ನುವಾಗ ಎಲ್ಲರಿಗೂ ಜೀವ ಬಂದಂತಾಯಿತು. ತರಚಿದ ಮೊಣಕಾಲಿನ ಹುಡುಗನೂ ಮಾತನಾಡತೊಡಗಿ, "ನಮ್ಮ ಮೂಡಬಿದಿರೆಯ ಬಸದಿಯ ಮಾಡು ಹಿಮದ ದೇಶದ ಮಾಡಿನಂತೆಯೇ ಇದೆಯಂತೆ, ಮೇಷ್ಟ್ರು ಹೇಳಿದ್ದಾರೆ," ಎಂದನು. ಮಾತಿನಲ್ಲಿ ಹುರುಳಿದೆ. 1430ರಲ್ಲಿ ಕಟ್ಟಲಾರಂಭಿಸಿದ ಸಾವಿರ ಕಂಬದ ಬಸದಿಯ ಇಳಿಜಾರು ಮಾಡುಗಳು ನೇಪಾಳದ ಕಟ್ಟಡಗಳನ್ನು ನೆನಪಿಗೆ ತರುತ್ತವೆಂದು ವಾಸ್ತುಶಾಸ್ತ್ರದ ಇತಿಹಾಸಕಾರನಾದ ಜೇಮ್ಸ್ ಫರ್ಗುಸನ್ನನು 1876ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಬೆರಗಿನಿಂದ ಬರೆದಿದ್ದಾನೆ. ಹಿಮಾಲಯದ ಮಾಡು ಹಿಮವನ್ನು ಜಾರಿಸಬೇಕು; ನಮ್ಮದು ಆಟಿ ತಿಂಗಳ ಮಳೆಯನ್ನು. ಭಾರ ಬೇರೆಯಾದರೂ ಉಪಾಯ ಒಂದೇ. ಅಲ್ಲಿ ಹಿಮವಾಗಿ ಬೀಳುವುದೇ ನಮ್ಮಲ್ಲಿ ಮಳೆಯಾಗಿ ಇಳಿಯುತ್ತದೆ.

ಸಂಜೆಗೆ ಬಂಟ್ವಾಳಕ್ಕೆ ಮರಳಿದೆವು. ಸೆಕೆಯು ಬಾಗಿಲಲ್ಲೇ ಕಾದಿದ್ದಿತು. ಹುಡುಗಿಯು ಜಗಲಿಯಲ್ಲಿ ಕುಳಿತು ಮೆಲ್ಲನೆ ಡಬ್ಬಿಯ ಮುಚ್ಚಳ ತೆಗೆದಳು. ಒಳಗೆ ಏನೂ ಇರಲಿಲ್ಲ. ಅವಳ ಕಣ್ಣು ತುಂಬಿತು. ಅಜ್ಜಿಯು ಅವಳನ್ನು ಹತ್ತಿರ ಕರೆದು ನೇತ್ರಾವತಿಯ ಕಡೆಗೆ ಕೈ ತೋರಿಸಿ, "ನಿನ್ನ ಮಂಜು ಎಲ್ಲಿಯೂ ಹೋಗಿಲ್ಲ, ಮಗೂ. ಘಟ್ಟದಿಂದ ಇಳಿದು, ಮೃತ್ಯುಂಜಯಾ ಹೊಳೆಯಾಗಿ ಹರಿದು, ನೇತ್ರಾವತಿಯನ್ನು ಕೂಡಿ, ನಮ್ಮ ಹಿಂದೆಯೇ ಬರುತ್ತದೆ," ಎಂದರು.

ಆ ಮಾತು ಸಮಾಧಾನಕ್ಕಾಗಿ ಹೇಳಿದುದಾದರೂ ಸತ್ಯವೇ. ಘಟ್ಟದ ಕಾಡು ಹಿಡಿದಿಟ್ಟ ನೀರನ್ನೇ ನಾವು ಬೇಸಗೆಯಲ್ಲಿ ಕುಡಿಯುವುದು. ಘಟ್ಟವು ಹಿಡಿಯಲಾರದೆ ಬಿಟ್ಟ ನೀರು 1923ರಲ್ಲಿಯೂ 1974ರಲ್ಲಿಯೂ ನೆರೆಯಾಗಿ ಬಂಟ್ವಾಳದ ಪೇಟೆಯನ್ನು ಹೊಕ್ಕುದನ್ನು ಊರು ಮರೆತಿಲ್ಲ. ಮಕ್ಕಳಿಗೆ ಹಿಮವನ್ನು ತೋರಿಸುವ ಭಾಗ್ಯ ಎಲ್ಲರಿಗೂ ಇಲ್ಲ. ಮನೆಯ ಬಾವಿಯ ನೀರು ಎಲ್ಲಿಂದ ಹೊರಡುತ್ತದೆಂಬುದನ್ನು ತೋರಿಸಲು ಒಂದು ದಿನದ ರಜೆಯೂ ಒಂದು ಬುತ್ತಿಯೂ ಸಾಕು. ಮನೆಯಲ್ಲಿ ಅಜ್ಜಿಯಿದ್ದರೆ ಅವರನ್ನೂ ಕರೆದುಕೊಂಡು ಹೋಗಿರಿ.