ಮೀನು, ಹಕ್ಕಿ, ದೋಣಿ ಮತ್ತು ಒಂದು ಬಸ್ಸು

ಮ್ಯಾಸಚೂಸೆಟ್ಸ್ ವಸಾಹತಿನ ಬೊಕ್ಕಸದಲ್ಲಿ ಧಕ್ಕೆ ಕಟ್ಟಿಸುವಷ್ಟು ದುಡ್ಡಿರಲಿಲ್ಲ. ಹಡಗು ಬಾರದೆ ಊರು ಬದುಕುವಂತೆಯೂ ಇರಲಿಲ್ಲ. ಅದಕ್ಕೆ 1640ರ ದಶಕದಲ್ಲಿ ಅಲ್ಲಿಯ ಆಡಳಿತ ಒಂದು ಉಪಾಯ ಹೂಡಿತು. ಕಡಲಂಚಿನಲ್ಲಿ ಜಮೀನಿದ್ದವರಿಗೆ ಇಳಿತದ ಗೆರೆಯವರೆಗಿನ ಕೆಸರು ನೆಲವನ್ನೂ ಬಿಟ್ಟುಕೊಟ್ಟಿತು. ಜಾಗ ತಗೊಳ್ಳಿ, ನಿಮ್ಮ ಖರ್ಚಿನಲ್ಲೇ ಧಕ್ಕೆ ಕಟ್ಟಿಕೊಳ್ಳಿ ಎಂಬುದು ಲೆಕ್ಕಾಚಾರ. ಆದರೆ ಒಂದು ಷರತ್ತು ಇತ್ತು: ಅಲ್ಲಿ ಮೀನು ಹಿಡಿಯಲು, ಹಕ್ಕಿ ಹೊಡೆಯಲು, ದೋಣಿ ಸಾಗಿಸಲು ಬರುವವರನ್ನು ಒಡೆಯ ತಡೆಯುವಂತಿಲ್ಲ.

ಈ ಷರತ್ತು ಇನ್ನೂ ಜೀವಂತವಾಗಿದೆ. ಆ ರಾಜ್ಯದ ಖಾಸಗಿ ಬೀಚಿನಲ್ಲಿ ಉಬ್ಬರ ಇಳಿದ ಮೇಲೆ ಗಾಳ ಹಿಡಿದು ನಡೆದರೆ ಅದು ಹಕ್ಕು, ಬರಿಗೈಯಲ್ಲಿ ಗಾಳಿ ಸೇವನೆಗೆ ನಡೆದರೆ ಅತಿಕ್ರಮಣ. ಆದ್ದರಿಂದ ಸುಮ್ಮನೆ ಒಂದು ಗಾಳ ಹಿಡಿದುಕೊಂಡು ಹೋಗಿ ಎಂಬ ತಮಾಷೆಯ ಸಲಹೆ ಅಲ್ಲಿ ಚಾಲ್ತಿಯಲ್ಲಿದೆ.

ಬಾಸ್ಟನ್ ಪೇಟೆಯಿಂದ ಫೋರ್ಟ್ ಪಾಯಿಂಟ್ ಕಾಲುವೆ ದಾಟಿದರೆ ಸಿಗುವ ಸೀಪೋರ್ಟ್ ಬಡಾವಣೆ ನಿಂತಿರುವುದು ಇಂಥ ಕೆಸರಿನ ಮೇಲೆಯೇ. 1836ರಲ್ಲಿ ಶುರುವಾದ ಬಾಸ್ಟನ್ ವಾರ್ಫ್ ಕಂಪನಿ ಒಂದು ಕಡೆಯಿಂದ, ಸರ್ಕಾರ ಇನ್ನೊಂದು ಕಡೆಯಿಂದ ಸಮುದ್ರಕ್ಕೆ ಮಣ್ಣು ತುಂಬುತ್ತ ಬಂದವು. ಸಕ್ಕರೆ, ಕಾಕಂಬಿ, ಉಣ್ಣೆಯ ಗೋದಾಮುಗಳು ಎದ್ದವು. ರೈಲು ಯಾರ್ಡ್ ಬಂತು, 1914ರಲ್ಲಿ ಮೀನಿನ ವ್ಯಾಪಾರಕ್ಕೆ ಫಿಶ್ ಪಿಯರ್ ತೆರೆಯಿತು. ಮುಂದೆ ಬಂದರಿನ ವಹಿವಾಟು ಇಳಿದಂತೆ ನೆಲ ಬಯಲಾಯಿತು, ಬಯಲು ಪಾರ್ಕಿಂಗ್ ಜಾಗವಾಯಿತು. ಪೇಟೆಯಲ್ಲಿ ಕೆಲಸ ಮಾಡುವವರು ಇಲ್ಲಿ ಕಾರು ಬಿಟ್ಟು ಕಾಲುವೆ ದಾಟಿ ನಡೆದುಹೋಗುತ್ತಿದ್ದರು. ಇಂಥ 24 ಎಕರೆಯ ಒಡೆಯ ಫ್ರ್ಯಾಂಕ್ ಮೆಕ್‌ಕೋರ್ಟ್ 2004ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಬೇಸ್‌ಬಾಲ್ ತಂಡವನ್ನು ಕೊಂಡಾಗ ಸಾಲಕ್ಕೆ ಒತ್ತೆ ಇಟ್ಟದ್ದು ಈ ಪಾರ್ಕಿಂಗ್ ನೆಲವನ್ನೇ.

ನೀರಿನ ಪಕ್ಕದ ಜಾಗ ಅಷ್ಟು ವರ್ಷ ಯಾರಿಗೂ ಬೇಡವಾಗಿದ್ದಕ್ಕೆ ನೀರೇ ಒಂದು ಕಾರಣ. ಬಾಸ್ಟನ್ ಬಂದರು ಆಗ ನಾರುತ್ತಿತ್ತು. 1982ರಲ್ಲಿ ಪಕ್ಕದ ಕ್ವಿನ್ಸಿ ನಗರದ ಸರ್ಕಾರಿ ವಕೀಲ ವಿಲಿಯಂ ಗೋಲ್ಡನ್ ಬೀಚಿನಲ್ಲಿ ಓಡಲು ಹೋದಾಗ ಕಾಲಿಗೆ ಮೆತ್ತಿಕೊಂಡದ್ದು ಮಲ. ಕ್ವಿನ್ಸಿ ಮೊಕದ್ದಮೆ ಹೂಡಿತು. ಅಲ್ಲಿಂದ ಶುರುವಾದ ಕೋರ್ಟಿನ ಒತ್ತಡದಲ್ಲಿ ಡಿಯರ್ ಐಲ್ಯಾಂಡಿನ ಶುದ್ಧೀಕರಣ ಘಟಕ ಎದ್ದಿತು. ಶುದ್ಧೀಕರಿಸಿದ ನೀರನ್ನು ಸುಮಾರು 15 ಕಿಲೋಮೀಟರ್ ದೂರದ ಕಡಲಿಗೆ ಒಯ್ಯುವ ಸುರಂಗ 2000ದಲ್ಲಿ ಕೆಲಸ ಶುರುಮಾಡಿತು. ನೀರು ತಿಳಿಯಾದ ಹಾಗೆ ನೆಲಕ್ಕೆ ಬೆಲೆ ಬಂತು.

ಇಷ್ಟರಲ್ಲಿ ಹಳೇ ಷರತ್ತಿಗೂ ಹೊಸ ಹಲ್ಲು ಬಂದಿತ್ತು. ಉಬ್ಬರದ ನೆಲದ ಬಳಕೆಗೆ ಪರವಾನಗಿ ಬೇಕೆನ್ನುವ ‘ಚಾಪ್ಟರ್ 91’ ಕಾನೂನು 1866ರದು. ಮಣ್ಣು ತುಂಬಿ ಒಣಗಿಸಿದ ನೆಲಕ್ಕೂ ಸಾರ್ವಜನಿಕರ ಋಣ ಇದೆಯೇ ಎಂಬ ಪ್ರಶ್ನೆ ಲೂಯಿಸ್ ವಾರ್ಫಿನ ಪ್ರಕರಣದಲ್ಲಿ ಎದ್ದಾಗ, ಇದೆ ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 1979ರಲ್ಲಿ ಹೇಳಿತು. 1990ರ ನಿಯಮಗಳು ಅದನ್ನು ಅಳತೆಗೆ ಇಳಿಸಿದವು. ದಡದಲ್ಲಿ ಆಫೀಸು, ಅಪಾರ್ಟ್‌ಮೆಂಟು ಕಟ್ಟುವವರು ನೀರಿನಂಚಿಗೆ ಜನರಿಗೆ ದಾರಿ ಬಿಡಬೇಕು, ಬಯಲು ಜಾಗ ಬಿಡಬೇಕು, ನೆಲಮಹಡಿಯಲ್ಲಿ ಯಾರು ಬೇಕಾದರೂ ಹೋಗಬಹುದಾದ ಏನನ್ನಾದರೂ ಇಡಬೇಕು.

ಹಾರ್ಬರ್‌ವಾಕ್ ಎಂಬ ಕಾಲುದಾರಿ ಸೀಪೋರ್ಟಿನ ಅಂಚಿನಲ್ಲಿ ಹರಿದಿರುವುದು ಈ ಬಲದಿಂದ. ಫ್ಯಾನ್ ಪಿಯರಿನ ತುದಿಯಲ್ಲಿ 2006ರಲ್ಲಿ ತೆರೆದ ಸಮಕಾಲೀನ ಕಲಾ ಸಂಸ್ಥೆಯ ಕಟ್ಟಡ ನೋಡಿ. ಕಾಲುದಾರಿಯ ಮರದ ಹಲಗೆ ಅಲ್ಲಿ ಮೆಟ್ಟಿಲಾಗಿ ಏರುತ್ತದೆ, ಹಾಗೆಯೇ ಒಳಗೆ ನುಗ್ಗಿ ರಂಗಮಂದಿರದ ನೆಲವಾಗುತ್ತದೆ, ಮತ್ತೆ ಮಡಚಿಕೊಂಡು ಚಾವಣಿಯಾಗಿ ಹೊರಗೆ ಚಾಚುತ್ತದೆ. ಹೊರಗಿನ ಮೆಟ್ಟಿಲ ಮೇಲೆ ಕೂತು ನೀರು ನೋಡುವುದಕ್ಕೆ ಟಿಕೆಟ್ ಬೇಡ. ಬಡಾವಣೆಯ ಉಳಿದ ಕಟ್ಟಡಗಳ ಬಗ್ಗೆ ಇಷ್ಟು ಒಳ್ಳೆಯ ಮಾತು ನನ್ನ ಬಾಯಿಂದ ಬರಲಾರದು. ನೀರಿನಾಚೆಗೇ ಲೋಗನ್ ವಿಮಾನ ನಿಲ್ದಾಣ ಇರುವುದರಿಂದ ಎತ್ತರಕ್ಕೆ ಮಿತಿ ಉಂಟು. ಆ ಮಿತಿಯನ್ನು ಮುಟ್ಟುವ ತನಕ ಎಲ್ಲರೂ ಕಟ್ಟಿದ್ದಾರೆ. ದೂರದಿಂದ ಕಂಡರೆ ಒಂದೇ ಕತ್ತಿಯಲ್ಲಿ ತಲೆ ಸವರಿದಂತಿದೆ.

ದಡಕ್ಕೆ ಹಕ್ಕು ಸಿಕ್ಕಿತು. ಅಲ್ಲಿಗೆ ಹೋಗುವುದು ಹೇಗೆ ಎಂದು ಕೇಳಿದರೆ ಕತೆ ಕೈಕೊಡುತ್ತದೆ. ಕಾನೂನು ಪ್ರತಿ ಕಟ್ಟಡದವನಿಂದಲೂ ಅಂಚಿನ ದಾರಿ ಕೇಳಿ ಪಡೆಯಿತು. ರೈಲು ಕೊಡು ಎಂದು ಯಾವ ಕಟ್ಟಡದವನನ್ನೂ ಕೇಳಲು ಬರುವುದಿಲ್ಲ, ಅದು ಸರ್ಕಾರವೇ ಮಾಡಬೇಕಾದ ಕೆಲಸ. ಆಗ ಸರ್ಕಾರ ಪೇಟೆಯ ಫ್ಲೈಓವರ್ ಕೆಡವಿ ಹೆದ್ದಾರಿಯನ್ನು ನೆಲದಡಿಗೆ ಇಳಿಸುವ ‘ಬಿಗ್ ಡಿಗ್’ನಲ್ಲಿ ಮುಳುಗಿತ್ತು. ಅದರದೇ ಭಾಗವಾಗಿ 1995ರಲ್ಲಿ ತೆರೆದ ಟೆಡ್ ವಿಲಿಯಮ್ಸ್ ಸುರಂಗ ಸೀಪೋರ್ಟನ್ನು ನೇರ ವಿಮಾನ ನಿಲ್ದಾಣಕ್ಕೆ ಜೋಡಿಸಿತು. ಕಾರಿಗೆ ಇಷ್ಟೆಲ್ಲ ಮಾಡಿದ ಮೇಲೆ ಕಾರಿಲ್ಲದವರಿಗೂ ಏನಾದರೂ ಬೇಕಲ್ಲ? ಪೇಟೆಯ ರೈಲು ನಿಲ್ದಾಣ ಸೌತ್ ಸ್ಟೇಷನ್ನಿನಿಂದ ಬಡಾವಣೆಯಡಿ ಒಂದೂವರೆ ಕಿಲೋಮೀಟರಿನಷ್ಟು ಸುರಂಗ ಕೊರೆದು, ಮೆಟ್ರೊಗೆ ಒಪ್ಪುವಂಥ ದೊಡ್ಡ ನಿಲ್ದಾಣಗಳನ್ನು ಕಟ್ಟಿ, 2004ರ ಡಿಸೆಂಬರಿನಲ್ಲಿ ಅದರೊಳಗೆ ಬಸ್ಸು ಬಿಟ್ಟರು. ಇದೇ ಸಿಲ್ವರ್ ಲೈನ್.

ಬಸ್ಸೇ ಯಾಕೆ ಎಂದರೆ ಉತ್ತರ ಇತ್ತು: ಟೆಡ್ ವಿಲಿಯಮ್ಸ್ ಸುರಂಗದಲ್ಲಿ ಹಳಿಯಿಲ್ಲ, ಬಸ್ಸಾದರೆ ಅದರಲ್ಲೂ ಓಡಿ ವಿಮಾನ ನಿಲ್ದಾಣ ಮುಟ್ಟುತ್ತದೆ. ಬಸ್ ಸುರಂಗದಲ್ಲಿ ಹೊಗೆ ಕೂಡದೆಂದು ತಲೆಯ ಮೇಲಿನ ತಂತಿಯಿಂದ ವಿದ್ಯುತ್ ಪಡೆದು ಓಡಿ, ಹೊರಬಂದ ಮೇಲೆ ಡೀಸೆಲ್ಲಿಗೆ ಬದಲಾಗುವ ಬಸ್ಸುಗಳನ್ನು ತಂದರು. ಅವುಗಳ ಪ್ರಯಾಣ ಹೀಗಿತ್ತು. ಬಸ್ಸು ಸುರಂಗದಿಂದ ಮೇಲಕ್ಕೆ ಬರುತ್ತದೆ, ಬಂದ ತಕ್ಷಣ ಡಿ ಸ್ಟ್ರೀಟಿನ ಕೆಂಪು ಸಿಗ್ನಲ್‌ಗೆ ನಿಲ್ಲುತ್ತದೆ. ಅಡ್ಡ ರಸ್ತೆಯ ಕಾರುಗಳೆಲ್ಲ ದಾಟಿದ ಮೇಲೆ ಇದರ ಸರದಿ. ಆಚೆ ಹೋಗಿ ಮತ್ತೆ ನಿಲ್ಲುತ್ತದೆ. ಚಾಲಕ ಮೇಲಿನ ಕೋಲುಗಳನ್ನು ಇಳಿಸಿ ಡೀಸೆಲ್ ಎಂಜಿನ್ ಚಾಲೂ ಮಾಡುತ್ತಾನೆ. ಸೂಟ್‌ಕೇಸ್ ಹಿಡಿದು ನಿಂತವರು ಗಡಿಯಾರ ನೋಡುತ್ತಾರೆ. 60 ಕೋಟಿ ಡಾಲರಿನ ಆಸುಪಾಸು ಸುರಿದು ಕೊರೆದ ಸುರಂಗವನ್ನು ಆ ಒಂದು ರಸ್ತೆಯ ಕೆಳಗೂ ಒಯ್ದಿದ್ದರೆ ಎಂಬ ಮಾತು ಬಾಸ್ಟನ್‌ನಲ್ಲಿ ಇಪ್ಪತ್ತು ವರ್ಷದಿಂದ ಸವೆದಿದೆ. ತಂತಿಯ ಬಸ್ಸುಗಳು 2023ರಲ್ಲಿ ನಿವೃತ್ತವಾಗಿ ಬ್ಯಾಟರಿಯ ಬಲವಿರುವ ಹೈಬ್ರಿಡ್ ಬಸ್ಸುಗಳು ಬಂದವು.

ಡಿ ಸ್ಟ್ರೀಟಿನ ಕಾಯುವಿಕೆಗಿಂತ ದೊಡ್ಡ ಕೊರತೆ ಇನ್ನೊಂದು ದಿಕ್ಕಿನದು. ಕಪ್ಪು ಜನರು ಹೆಚ್ಚಾಗಿ ವಾಸಿಸುವ ರಾಕ್ಸ್‌ಬರಿಯಲ್ಲಿ ವಾಷಿಂಗ್ಟನ್ ಸ್ಟ್ರೀಟಿನ ಮೇಲೆ ಎತ್ತರದ ಹಳಿಯಲ್ಲಿ ಓಡುತ್ತಿದ್ದ ರೈಲನ್ನು 1987ರಲ್ಲಿ ನಿಲ್ಲಿಸಿದ್ದರು. ಅದರ ಬದಲಿಗೆ 2002ರಲ್ಲಿ ಅಲ್ಲಿಗೆ ಸಿಕ್ಕಿದ್ದೂ ಸಿಲ್ವರ್ ಲೈನ್ ಬಸ್ಸೇ. ಇವೆರಡನ್ನೂ ಪೇಟೆಯ ಕೆಳಗಿನ ಸುರಂಗದಲ್ಲಿ ಬೆಸೆಯುವುದು ಮೂರನೇ ಹಂತದ ಯೋಜನೆ. ಬೆಸೆದಿದ್ದರೆ ರಾಕ್ಸ್‌ಬರಿಯಲ್ಲಿ ಹತ್ತಿದವರು ಸೀದಾ ಸೀಪೋರ್ಟಿನಲ್ಲಿ ಇಳಿಯುತ್ತಿದ್ದರು. ಖರ್ಚು ಏರಿತು, ವಿರೋಧ ಬಂತು, 2010ರ ಹೊತ್ತಿಗೆ ಯೋಜನೆ ಬಿದ್ದುಹೋಯಿತು. ಒಂದೇ ಹೆಸರಿನ ಎರಡು ತುಂಡುಗಳು ಉಳಿದವು.

ಅದೇ 2010ರಲ್ಲಿ ಮೇಯರ್ ಥಾಮಸ್ ಮೆನಿನೊ ಇಡೀ ಪ್ರದೇಶಕ್ಕೆ ‘ಇನೊವೇಷನ್ ಡಿಸ್ಟ್ರಿಕ್ಟ್’ ಎಂದು ಹೆಸರಿಟ್ಟರು. ಔಷಧ ಕಂಪನಿ ವರ್ಟೆಕ್ಸ್ ಬಂತು, ಜನರಲ್ ಎಲೆಕ್ಟ್ರಿಕ್ ಬಂತು. ಕಂಪನಿಗಳು ತಮ್ಮ ನೌಕರರಿಗೆ ತಾವೇ ಶಟಲ್ ಬಸ್ಸು ಓಡಿಸಿಕೊಂಡವು. 2017ರಲ್ಲಿ ಬಾಸ್ಟನ್ ಗ್ಲೋಬ್ ಪತ್ರಿಕೆ ಲೆಕ್ಕ ತೆಗೆದಾಗ, ಹತ್ತು ವರ್ಷಗಳಲ್ಲಿ ಸೀಪೋರ್ಟಿನ ಮುಖ್ಯ ಭಾಗದಲ್ಲಿ ಕೊಟ್ಟ 660 ಗೃಹಸಾಲಗಳ ಪೈಕಿ ಕಪ್ಪು ಜನರಿಗೆ ಸಿಕ್ಕಿದ್ದು ಮೂರು. ಬಸ್ ಸುರಂಗ ಬೆಸೆದಿದ್ದರೆ ಈ ಮೂರು ಮೂವತ್ತಾಗುತ್ತಿತ್ತೆಂದು ನಾನು ಹೇಳುವುದಿಲ್ಲ, ಮನೆಗಳ ಬೆಲೆಯೇ ಬೇರೆ ಕತೆ. ಆದರೆ ಭಾನುವಾರ ಮಕ್ಕಳನ್ನು ಕರೆದುಕೊಂಡು ಆ ಮರದ ಮೆಟ್ಟಿಲ ಮೇಲೆ ಕೂರಲು ಮನೆ ಕೊಳ್ಳಬೇಕಿಲ್ಲ, ಬಸ್ಸು ಸಾಕು.

ನಡೆದು ಬರಲು ಒಂದು ಒಳ್ಳೆಯ ದಾರಿ ಇತ್ತು: ಕಾಲುವೆಗೆ ಅಡ್ಡವಾಗಿ 1908ರಲ್ಲಿ ಕಟ್ಟಿದ ನಾರ್ದರ್ನ್ ಅವೆನ್ಯೂ ಸೇತುವೆ. ಹಡಗು ಬಂದಾಗ ನಡುಭಾಗ ಗಿರ್ರನೆ ತಿರುಗುವ ಉಕ್ಕಿನ ಸೇತುವೆ ಅದು. 1997ರಲ್ಲಿ ಅದರ ಮೇಲೆ ಕಾರುಗಳ ಓಡಾಟ ನಿಂತಿತು, ಆಮೇಲೆ ಅದು ನಡೆಯುವವರದೇ ಆಯಿತು. ತುಕ್ಕು ಹೆಚ್ಚಾಯಿತೆಂದು 2014ರಲ್ಲಿ ಅವರಿಗೂ ಮುಚ್ಚಿದರು. ಈಗ ಜನ ಪಕ್ಕದ ಮೋಕ್ಲಿ ಸೇತುವೆಯಲ್ಲಿ ಕಾರುಗಳ ಬದಿಗೆ ನಡೆಯುತ್ತಾರೆ. ಹಳೆಯದನ್ನು ದುರಸ್ತಿ ಮಾಡಬೇಕೆ, ಹೊಸದು ಕಟ್ಟಬೇಕೆ, ಕಟ್ಟಿದರೆ ಬಸ್ಸಿಗೂ ಬಿಡಬೇಕೆ ಅಥವಾ ಕಾಲ್ನಡಿಗೆಗಷ್ಟೇ ಇಡಬೇಕೆ ಎಂದು ನಗರಾಡಳಿತ ಒಂದಾದ ಮೇಲೊಂದು ನಕ್ಷೆ ಬರೆಸುತ್ತ ಬಂದಿದೆ.