ಹೊಸಿಲು ಮೊದಲು ದಾಟಿದ್ದು ಯಾರು?

ಮನೆಯಲ್ಲಿ ಅವಳಿ ಮಕ್ಕಳಿದ್ದರೆ, ಬಂದವರು ಕಾಫಿ ಲೋಟ ಕೈಗೆತ್ತಿಕೊಳ್ಳುವ ಮೊದಲೇ ಕೇಳುವ ಮಾತು ಒಂದೇ: "ಇಬ್ಬರಲ್ಲಿ ಯಾರು ಚುರುಕು?" ಒಂಟಿ ಮಗುವಾದರೆ ಹೋಲಿಸಲು ಪಕ್ಕದ ಮನೆಗಾದರೂ ಹೋಗಬೇಕು. ಅವಳಿಯಾದರೆ ಅಳತೆಗೋಲು ಅದೇ ಚಾಪೆಯ ಮೇಲೆ ಮಲಗಿರುತ್ತದೆ.

ನನ್ನ ಮಗಳ ಮಕ್ಕಳಿಗೆ ಈಗ ಒಂದೂವರೆ ವರ್ಷ. ಒಂದು ಹೆಣ್ಣು, ಒಂದು ಗಂಡು. ಬಾಣಂತನಕ್ಕೆ ಬಂದ ಮಗಳು, ಮನೆಯಿಂದಲೇ ಕೆಲಸ ಮಾಡುವ ಅನುಕೂಲವಿದ್ದದ್ದರಿಂದ ಶಿವಮೊಗ್ಗದ ನಮ್ಮ ಮನೆಯಲ್ಲೇ ಉಳಿದಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದ ನನಗೆ ಯಾವುದಾದರೂ ಲೆಕ್ಕ ಬರೆಯದಿದ್ದರೆ ಕೈ ತುರಿಸುತ್ತದೆ. ಅಡುಗೆಮನೆಯ ಗೋಡೆಯಲ್ಲಿರುವ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಚೌಕಗಳಲ್ಲಿ ಪುಟ್ಟಿಯದು ಕೆಂಪು ಶಾಯಿ, ಪುಟ್ಟನದು ನೀಲಿ.

ಲೆಕ್ಕದ ಮೊದಲ ತೊಡಕು ವಯಸ್ಸೇ. ಅವಳಿಗಳಲ್ಲಿ ಬಹಳಷ್ಟು ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತಾರೆ. ನಮ್ಮವು ಹುಟ್ಟಿದ್ದು 34 ವಾರಕ್ಕೆ; ಪುಟ್ಟಿ 2.1 ಕಿಲೋ, ಪುಟ್ಟ 1.7. ಪೂರ್ಣ ಅವಧಿ 40 ವಾರವೆಂದರೆ ಆರು ವಾರ ಮುಂಚೆ. ಬೆಳವಣಿಗೆ ನೋಡುವಾಗ ಆ ಆರು ವಾರವನ್ನು ವಯಸ್ಸಿನಿಂದ ಕಳೆಯಬೇಕು, ಅದೂ ಎರಡು ವರ್ಷ ತುಂಬುವವರೆಗೆ. ಇದು ತಿಳಿಯದಿದ್ದರೆ ಸುಮ್ಮನೆ ಗಾಬರಿ. ಮಗು ಮುಖ ನೋಡಿ ನಗುವುದು ಸಾಮಾನ್ಯವಾಗಿ ಆರರಿಂದ ಎಂಟು ವಾರಕ್ಕೆ. (ನಿದ್ದೆಯಲ್ಲಿ ನಗುವುದು ಬೇರೆ; ಅದು ದೇವರು ನಗಿಸುವುದು ಎಂದು ನಮ್ಮ ಅತ್ತೆ ಹೇಳುತ್ತಿದ್ದರು.) ಎರಡು ತಿಂಗಳಾದರೂ ಎರಡೂ ಮಕ್ಕಳು ಫ್ಯಾನು ನೋಡಿಕೊಂಡು ಮಲಗಿರುತ್ತಿದ್ದವು. "ಅಮ್ಮ, ಇವಕ್ಕೆ ನಾನ್ಯಾರು ಅಂತಾನೇ ಗೊತ್ತಿಲ್ಲ" ಎಂದು ಮಗಳು ಅತ್ತೇಬಿಟ್ಟಳು. ಆರು ವಾರ ಕಳೆದು ನೋಡು, ಇವಿನ್ನೂ ಹದಿನೈದು ದಿನದ ಕೂಸು ಕಣೇ ಎಂದೆ. ಲಸಿಕೆಗೆ ಮಾತ್ರ ಈ ಕಳೆಯುವ ಲೆಕ್ಕವಿಲ್ಲ. 6, 10, 14 ವಾರದ ಚುಚ್ಚುಮದ್ದುಗಳನ್ನು ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಅವಳಿ ಹೆತ್ತ ಎಷ್ಟೋ ಮನೆಗಳಲ್ಲಿ ಇದು ಗೊತ್ತಿರುವುದಿಲ್ಲ. ಎರಡು ಕಿಲೋಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೂ ಮುಂಚೆ ಹುಟ್ಟಿದ ಮಗುವಿನ ಅಕ್ಷಿಪಟಲವನ್ನು ಒಂದು ತಿಂಗಳೊಳಗೆ ಕಣ್ಣಿನ ವೈದ್ಯರು ನೋಡಲೇಬೇಕು. ಅಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದರೆ ದೃಷ್ಟಿಯೇ ಹೋಗಬಹುದು. ಸಮಯಕ್ಕೆ ಸಿಕ್ಕರೆ ಲೇಸರ್‌ನಿಂದ ಉಳಿಸಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದ 'ಕಿಡ್‌ರಾಪ್' ಯೋಜನೆಯ ತಂತ್ರಜ್ಞರು ಕ್ಯಾಮೆರಾ ಹಿಡಿದು ಜಿಲ್ಲೆಗಳಿಗೇ ಹೋಗಿ ಕಂದಮ್ಮಗಳ ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ಕಳಿಸುತ್ತಾರೆ. ಪುಟ್ಟನ ಕಣ್ಣು ಸರಿಯಿತ್ತು. ಕಣ್ಣು ಕಾಣದ ಮಗು ನಗುವುದೂ, ಗಿಲಕಿಗೆ ಕೈ ಚಾಚುವುದೂ ತಡ. ಅದನ್ನು ಮಂದಬುದ್ಧಿ ಎಂದುಕೊಂಡು ಕೂತವರನ್ನು ನೋಡಿದ್ದೇನೆ.

ಆರನೇ ತಿಂಗಳಲ್ಲಿ ಪುಟ್ಟಿ ಬೋರಲಾದಳು, ಎಂಟಕ್ಕೆ ಕೂತಳು. ಪುಟ್ಟ ಎರಡರಲ್ಲೂ ಹಿಂದೆ. "ಗಂಡುಮಕ್ಕಳು ಸ್ವಲ್ಪ ನಿಧಾನ ಟೀಚರೇ" ಎಂದು ಪಕ್ಕದ ಮನೆಯವರು ಸಮಾಧಾನ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಂಕಿ ಹಾಗೆ ಹೇಳುವುದಿಲ್ಲ. ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ನಮ್ಮ ದೆಹಲಿಯ ಮಕ್ಕಳನ್ನು ನೋಡಿ ಅದು 2006ರಲ್ಲಿ ಪ್ರಕಟಿಸಿದ ಪಟ್ಟಿ ಗಂಡು ಹೆಣ್ಣಿಗೆ ಒಂದೇ. ಬೇರೆ ಮಾಡುವಷ್ಟು ವ್ಯತ್ಯಾಸ ಸಿಗಲಿಲ್ಲ. ಅದರಲ್ಲಿ ಯಾವ ಸಾಧನೆಗೂ ಇಂಥದ್ದೇ ತಿಂಗಳು ಎಂದಿಲ್ಲ. ಆಸರೆಯಿಲ್ಲದೆ ಕೂರಲು 3.8ರಿಂದ 9.2 ತಿಂಗಳು, ಅಂಬೆಗಾಲಿಗೆ 5.2ರಿಂದ 13.5, ತಾನೇ ನಡೆಯಲು 8.2ರಿಂದ 17.6. ಇಷ್ಟು ಅಗಲದ ಬಾಗಿಲಲ್ಲಿ ಯಾರು ಯಾವಾಗ ಹೊಕ್ಕರೂ ಒಳಗೇ. ಅದೂ ಆ ಮಕ್ಕಳೆಲ್ಲ ತಿಂಗಳು ತುಂಬಿ ಹುಟ್ಟಿದ ಒಂಟಿಗಳು, ಅವಳಿಗಳಲ್ಲ.

ಕ್ರಮವೂ ಒಂದೇ ಇರುವುದಿಲ್ಲ. ಪುಟ್ಟಿ ಅಂಬೆಗಾಲು ಇಡಲೇ ಇಲ್ಲ. ಕೂತಲ್ಲಿಂದಲೇ ಒಂದು ಕೈ ಊರಿ, ಕುಂಡೆ ಜಾರಿಸಿಕೊಂಡು ನಡುಮನೆಯಲ್ಲೆಲ್ಲ ಓಡಾಡಿದಳು. ಮೇಲೆ ಹೇಳಿದ ಅಧ್ಯಯನದಲ್ಲೂ ಸುಮಾರು ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲನ್ನು ಬಿಟ್ಟೇ ಮುಂದೆ ಹೋಗಿದ್ದರು. ರೆಡ್ ಆಕ್ಸೈಡ್ ನೆಲದ ಮೇಲೆ ಇದು ಬಲು ಸಲೀಸು. ಆದರೆ ಹೊಸಿಲು ಸಿಕ್ಕರೆ ಅಲ್ಲಿಗೆ ನಿಂತಿತು. ಮಗು ಹೊಸಿಲು ದಾಟಿದ ದಿನ ಹೋಳಿಗೆ ಮಾಡಿ ಹಂಚುವುದು ನಮ್ಮ ಮನೆಯ ಪದ್ಧತಿ. ಪುಟ್ಟಿಯೇ ಮೊದಲು ಎಂದು ಎಲ್ಲರೂ ಕಾದಿದ್ದರೆ, ಒಂದು ಬೆಳಿಗ್ಗೆ ಪುಟ್ಟ ನಾಲ್ಕೂ ಕಾಲೂರಿ ಅಡುಗೆಮನೆಯ ಹೊಸಿಲು ಹತ್ತಿ ಇಳಿದು ನನ್ನ ಈಳಿಗೆಮಣೆಯ ಬಳಿಗೇ ಬಂದ. ಅವಳು ಆಚೆ ಕೂತು ಕಿರುಚುತ್ತಿದ್ದಳು. ಹೋಳಿಗೆ ಒಂದು ಸಲವೋ ಎರಡು ಸಲವೋ ಎಂಬ ಚರ್ಚೆಯಾಗಿ, ನಮ್ಮವರ ಬಾಯಿಚಪಲದಿಂದಾಗಿ ಎರಡು ಸಲವೇ ಆಯಿತು. ಕುಂಡೆ ಜಾರಿಸುವ ಮಕ್ಕಳು ನಡೆಯುವುದು ಸಾಮಾನ್ಯವಾಗಿ ತಡ. ಪುಟ್ಟ ಹದಿನೈದನೇ ತಿಂಗಳಲ್ಲಿ ದಟ್ಟಡಿ ಇಟ್ಟ, ಪುಟ್ಟಿ ಹದಿನೇಳು ದಾಟಿದ ಮೇಲೆ.

ನಡುವೆ ಬಂಧುಗಳೊಬ್ಬರು ಎರಡು ವಾಕರ್ ತಂದರು. ವಾಪಸು ಕಳಿಸಿದೆ, ಮುನಿಸು ಇನ್ನೂ ಇಳಿದಿಲ್ಲ. ವಾಕರ್ ನಡಿಗೆ ಕಲಿಸುವುದಿಲ್ಲ, ಮೆಟ್ಟಿಲಿಂದ ಉರುಳಿಸುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿತು. ಅಭ್ಯಾಸ ಮಾಡಿಸಿದರೆ ಬೇಗ ಕಲಿಯುತ್ತವೆ ಎನ್ನುವವರಿಗೆ ನಾನು ಬಿ.ಎಡ್.ನಲ್ಲಿ ಓದಿದ ಒಂದು ಪ್ರಯೋಗ ಹೇಳುತ್ತೇನೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಗೆಸೆಲ್ ಮತ್ತು ಹೆಲೆನ್ ಥಾಮ್ಸನ್ 1929ರಲ್ಲಿ ಪ್ರಕಟಿಸಿದ್ದು. ತದ್ರೂಪಿ ಅವಳಿ ಹೆಣ್ಣುಮಕ್ಕಳಲ್ಲಿ ಒಂದಕ್ಕೆ 46ನೇ ವಾರದಿಂದ ಆರು ವಾರ ಮೆಟ್ಟಿಲು ಹತ್ತುವ ತಾಲೀಮು ಕೊಟ್ಟರು. ಇನ್ನೊಂದನ್ನು ಅದರ ಪಾಡಿಗೆ ಬಿಟ್ಟು, 53ನೇ ವಾರದಲ್ಲಿ ಶುರುಮಾಡಿ ಎರಡೇ ವಾರ ಕಲಿಸಿದರು. ಅಷ್ಟಕ್ಕೇ ಅದು ಮೊದಲನೆಯದರ ಸಮಕ್ಕೆ ಬಂತು. ಮೈ ಹದವಾಗುವ ಮುಂಚೆ ಬೆನ್ನುಹತ್ತಿ ಫಲವಿಲ್ಲ. ಹಾಗೆಂದು ಮಗುವನ್ನು ದಿನವಿಡೀ ತೊಟ್ಟಿಲಲ್ಲಿ ಮಲಗಿಸಿದರೂ ಆಗದು; ಎಚ್ಚರವಿದ್ದಾಗ ಬೋರಲು ಮಲಗಿಸಿ ಆಡಿಸದಿದ್ದರೆ ಕುತ್ತಿಗೆ, ಹೆಗಲು ಗಟ್ಟಿಯಾಗುವುದೆಲ್ಲಿಂದ?

ಹೋಲಿಕೆ ಬೇಡವೇ ಬೇಡ ಎನ್ನುವ ಪಂಗಡದವಳಲ್ಲ ನಾನು. ಎರಡು ಬಣ್ಣದ ಶಾಯಿ ಪಕ್ಕಪಕ್ಕ ಇದ್ದದ್ದರಿಂದಲೇ ಹತ್ತನೇ ತಿಂಗಳಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು: ಪುಟ್ಟಿ ಎರಡೂ ಕೈ ಚಾಚುತ್ತಾಳೆ, ಪುಟ್ಟ ಬರೀ ಬಲಗೈ. ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಹಿಡಿದರೆ ಅದು ಜಾಣತನವಲ್ಲ, ಇನ್ನೊಂದು ಕೈಯಲ್ಲಿ ಬಲ ಕಡಿಮೆ ಇರಬಹುದೆಂಬ ಸೂಚನೆ. ಮಕ್ಕಳ ವೈದ್ಯರು ನೋಡಿ, ಎಡಗೈಗೆ ಆಟದ ಸಾಮಾನು ಕೊಟ್ಟು ಆಡಿಸಿ ಎಂದರು, ಮತ್ತೆ ಎರಡು ಬಾರಿ ಕರೆಸಿಕೊಂಡರು. ಈಗ ಎರಡೂ ಕೈಯಲ್ಲಿ ಅನ್ನ ಚೆಲ್ಲುತ್ತಾನೆ. ಹದಿನೆಂಟು ತಿಂಗಳಾದರೂ ನಡೆಯದಿದ್ದರೆ, ಕರೆದರೆ ತಿರುಗದಿದ್ದರೆ, ಎಲ್ಲಕ್ಕಿಂತ ಮುಖ್ಯವಾಗಿ ಕಲಿತದ್ದನ್ನು ಮರೆತರೆ ಕಾಯಬಾರದು. ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಹಂತಗಳು ಚಿತ್ರಸಹಿತ ಇವೆ; ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಶೀಘ್ರ ಪತ್ತೆ ಕೇಂದ್ರಗಳನ್ನು ತೆರೆದಿದ್ದಾರೆ.

ಮಾತಿನ ವಿಷಯ ಬೇರೆ. ಅವಳಿಗಳು ಮಾತಿನಲ್ಲಿ ಒಂಟಿ ಮಕ್ಕಳಿಗಿಂತ ಕೆಲವು ತಿಂಗಳು ಹಿಂದಿರುವುದು ಸಾಮಾನ್ಯ. ದೊಡ್ಡವರ ಮಾತು ಇಬ್ಬರಿಗೆ ಹಂಚಿಹೋಗುತ್ತದೆ. ಒಂದಕ್ಕೆ ಬಟ್ಟೆ ಬದಲಿಸುವಷ್ಟರಲ್ಲಿ ಇನ್ನೊಂದು ಅಳುತ್ತಿದ್ದರೆ ಕತೆ ಹೇಳುವವರಾರು? ಅವಳಿಗಳ ಗುಟ್ಟಿನ ಭಾಷೆ ಎಂದು ಜನ ಬೆರಗಾಗುವುದೂ ಬಹುಮಟ್ಟಿಗೆ ಒಬ್ಬರ ತೊದಲನ್ನು ಇನ್ನೊಬ್ಬರು ಕಲಿಯುವುದೇ. ಹಾಗಾಗಿ ದಿನಕ್ಕೊಂದಿಷ್ಟು ಹೊತ್ತು ಮಕ್ಕಳನ್ನು ಬೇರೆ ಮಾಡುತ್ತೇವೆ. ಪುಟ್ಟಿ ನನ್ನ ಜೊತೆ ಅವರೆಕಾಯಿ ಬಿಡಿಸುತ್ತಾ ಕೂರುತ್ತಾಳೆ, ಪುಟ್ಟ ತಾತನ ಹೆಗಲೇರಿ ಬಸ್ಸು ನೋಡಲು ಹೋಗುತ್ತಾನೆ. ಅವನು ಬಸ್ಸಿಗೆ "ಬೂ" ಎನ್ನುತ್ತಾನೆ. ಗೇಟಿನಲ್ಲಿ ನಿಂತು ಇಬ್ಬರನ್ನೂ ಕಳಿಸುವ ಪುಟ್ಟಿ, ದೂರದಲ್ಲಿ ಯಾವ ಬಸ್ಸು ಕಂಡರೂ "ತಾತ" ಎನ್ನುತ್ತಾಳೆ. ನಮ್ಮವರು ಅದನ್ನು ತಿದ್ದಲು ಬಿಡುತ್ತಿಲ್ಲ.