ಅಲರ್ಜಿ ಮತ್ತು ಉಬ್ಬಸ: ಒಂದೇ ಹಾದಿಯ ಎರಡು ಬಾಧೆಗಳು

1938ರ ಧ್ವಜ ಸತ್ಯಾಗ್ರಹದಿಂದ ನಾಡಿನ ಚರಿತ್ರೆಯಲ್ಲಿ ಸ್ಥಾನ ಪಡೆದ ಶಿವಪುರದ ಸುತ್ತಮುತ್ತ ಕಬ್ಬು, ಭತ್ತ, ತೆಂಗುಗಳ ಹಸಿರು ಹಬ್ಬಿದೆ. ಇಂತಹ ಸೀಮೆಯ ಗಾಳಿ ನಿರ್ಮಲವಾದುದು, ಉಬ್ಬಸವೇನಿದ್ದರೂ ಪಟ್ಟಣದವರ ಕಾಯಿಲೆ ಎಂಬ ಭಾವನೆ ಸಾಮಾನ್ಯ. ಆದರೆ ಹಸಿರಿನಲ್ಲಿ ಪರಾಗವಿದೆ, ಒಕ್ಕಣೆಯ ಕಣದಲ್ಲಿ ಧೂಳಿದೆ, ಆಲೆಮನೆಯಲ್ಲಿ ಹೊಗೆಯಿದೆ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಒಂದೇ ಸಮನೆ ಸೀನುವ ಬಾಲಕನೇ ನಡುರಾತ್ರಿಯಲ್ಲಿ ಕೆಮ್ಮಿ ಏದುಸಿರು ಬಿಡುವುದೂ ಉಂಟು. ಇವು ಎರಡು ಬೇರೆ ಬೇರೆ ಕಾಯಿಲೆಗಳಲ್ಲ, ಒಂದೇ ಉಸಿರುಹಾದಿಯ ಎರಡು ಬಾಧೆಗಳು ಎಂಬುದನ್ನು ತಿಳಿಯುವುದು ಅವಶ್ಯ.

‘ಅಲರ್ಜಿ’ ಎಂಬ ಪದವನ್ನು 1906ರಲ್ಲಿ ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಬಳಕೆಗೆ ತಂದನು. ರೋಗಾಣುಗಳಿಂದ ಕಾಪಾಡಬೇಕಾದ ದೇಹದ ರಕ್ಷಣಾವ್ಯವಸ್ಥೆಯು ಪರಾಗ, ಮನೆಧೂಳಿನ ನುಸಿ, ಬೂಷ್ಟು, ಜಿರಲೆಯ ಕಸ ಮುಂತಾದವನ್ನೇ ಶತ್ರುವೆಂದು ಭ್ರಮಿಸುವುದು ಅಲರ್ಜಿಯ ಮೂಲ. ಆಗ ದೇಹವು ‘ಐಜಿಇ’ ಎಂಬ ಪ್ರತಿಕಾಯವನ್ನು ಸಿದ್ಧಪಡಿಸಿಕೊಳ್ಳುತ್ತದೆ. ಅದೇ ವಸ್ತು ಮತ್ತೆ ಒಳಹೊಕ್ಕಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಇದು ಮೂಗಿನಲ್ಲಿ ನಡೆದರೆ ಸೀನು, ನವೆ, ನೀರಿಳಿಯುವಿಕೆ. ಶ್ವಾಸನಾಳಗಳಲ್ಲಿ ನಡೆದರೆ ಒಳಪೊರೆ ಊದಿಕೊಂಡು, ಸುತ್ತಲಿನ ಸ್ನಾಯುಗಳು ಬಿಗಿದು, ಕಫ ತುಂಬಿ ಹಾದಿ ಕಿರಿದಾಗುತ್ತದೆ. ಇದೇ ಉಬ್ಬಸ, ಅರ್ಥಾತ್ ಆಸ್ತಮಾ.

ಪ್ರಾಚೀನರೂ ಈ ನಂಟನ್ನು ಗಮನಿಸಿದ್ದರು. ಚರಕಸಂಹಿತೆಯು ‘ತಮಕಶ್ವಾಸ’ವನ್ನು ವರ್ಣಿಸುವಾಗ ಪೀನಸವನ್ನೂ, ಅಂದರೆ ನೆಗಡಿಯನ್ನೂ, ಜೊತೆಗೆ ಹೇಳುತ್ತದೆ. ಆಸ್ತಮಾ ಪೀಡಿತರಲ್ಲಿ ಬಹುಪಾಲು ಮಂದಿಗೆ ಮೂಗಿನ ಬಾಧೆಯೂ ಇರುವುದನ್ನು ಆಧುನಿಕ ವೈದ್ಯವು ದೃಢಪಡಿಸಿದೆ. ಸೀನುವವರೆಲ್ಲರೂ ಉಬ್ಬಸಿಗಳಾಗುವುದಿಲ್ಲ, ಎಲ್ಲ ಉಬ್ಬಸಕ್ಕೂ ಅಲರ್ಜಿಯೇ ಕಾರಣವಲ್ಲ. ಆದರೂ ಮೂಗಿನ ಅಲರ್ಜಿಯುಳ್ಳ ಮಗುವಿಗೆ ಮುಂದೆ ಉಬ್ಬಸ ಬರುವ ಸಂಭವ ಹೆಚ್ಚು.

ಬೆಂಗಳೂರಿನ ಮಕ್ಕಳ ವೈದ್ಯರಾದ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಪರಿಶೀಲಿಸಿದಾಗ, 1979ರಲ್ಲಿ ಶೇಕಡ 9 ಇದ್ದ ಆಸ್ತಮಾ 1999ರಲ್ಲಿ ಶೇಕಡ 29.5ಕ್ಕೆ ಏರಿದುದು ಕಂಡುಬಂದಿತು. ಇದು ಇಡೀ ನಾಡಿನ ಲೆಕ್ಕವಲ್ಲವಾದರೂ ಎಚ್ಚರಿಕೆಯ ಗಂಟೆಯೇ ಸರಿ.

ಹಳ್ಳಿಗಳಲ್ಲಿ ಎರಡು ಬಗೆಯ ಕಾರಣಗಳನ್ನು ಬೇರ್ಪಡಿಸಿ ನೋಡಬೇಕು. ಪರಾಗ, ಬೂಷ್ಟುಗಳು ಅಲರ್ಜಿಕಾರಕಗಳು. ಸೌದೆಯೊಲೆಯ ಹಾಗೂ ಆಲೆಮನೆಯ ಹೊಗೆ, ಸೀಮೆಸುಣ್ಣದ ಪುಡಿ ಇವು ಪ್ರಚೋದಕಗಳು. ಮೊದಲೇ ಊದಿಕೊಂಡಿರುವ ಶ್ವಾಸನಾಳವನ್ನು ಇವು ಮತ್ತಷ್ಟು ಕೆರಳಿಸುತ್ತವೆ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ಎಲ್ಲೆಡೆ ಹಬ್ಬಿದ ಪಾರ್ಥೇನಿಯಂ, ಜನರ ಬಾಯಲ್ಲಿ ‘ಕಾಂಗ್ರೆಸ್ ಗಿಡ’, ಮೂಗಿಗೂ ಚರ್ಮಕ್ಕೂ ಅಲರ್ಜಿ ತರಬಲ್ಲದು. ಶ್ರಮದಾನದ ಉತ್ಸಾಹದಲ್ಲಿ ಮಕ್ಕಳಿಂದ ಬರಿಗೈಯಲ್ಲಿ ಇದನ್ನು ಕೀಳಿಸುವುದು ತರವಲ್ಲ. ಹೂ ಬಿಡುವ ಮೊದಲೇ, ಕೈಗವಸು ಧರಿಸಿದ ದೊಡ್ಡವರು ತೆಗೆಯುವುದು ಕ್ಷೇಮ.

ಚಿಕಿತ್ಸೆಯ ವಿಷಯದಲ್ಲಿ ದೊಡ್ಡ ಅಡ್ಡಿ ಔಷಧದ ಕೊರತೆಗಿಂತ ಭಯ. ‘ಇನ್‌ಹೇಲರ್ ಹಿಡಿದರೆ ಚಟವಾಗುತ್ತದೆ, ಅದು ಕಡೆಗಾಲದ ಮದ್ದು’ ಎಂಬ ಮಾತು ನಿರಾಧಾರ. ನೇರವಾಗಿ ಶ್ವಾಸನಾಳಕ್ಕೆ ತಲುಪುವುದರಿಂದ ಇದರಲ್ಲಿ ಮಾತ್ರೆಗಿಂತ ಅತ್ಯಲ್ಪ ಔಷಧ ಸಾಕಾಗುತ್ತದೆ. ಊತವನ್ನು ತಗ್ಗಿಸುವ ಇನ್‌ಹೇಲರನ್ನು ವೈದ್ಯರು ಹೇಳಿದಂತೆ ತಪ್ಪದೆ ಬಳಸಬೇಕು. ಉಸಿರು ಕಟ್ಟಿದಾಗ ಮಾತ್ರ ತಾತ್ಕಾಲಿಕ ಶಮನಕ್ಕೆ ಮೊರೆಹೋಗಿ ಉಳಿದ ದಿನ ಸುಮ್ಮನಿರುವುದು ಅಪಾಯಕಾರಿ. ಜೊತೆಗೆ ಮೂಗಿಗೂ ಚಿಕಿತ್ಸೆಯಾಗಬೇಕು.

ಶಾಲೆಯ ಪಾತ್ರ ಇಲ್ಲಿ ಕಿರಿದಲ್ಲ. ಆಟದ ನಂತರ ಕೆಮ್ಮುವ, ಮತ್ತೆ ಮತ್ತೆ ಗೈರುಹಾಜರಾಗುವ ವಿದ್ಯಾರ್ಥಿಯನ್ನು ಸೋಮಾರಿಯೆಂದು ಗದರಿಸದೆ ಅವನ ಪೋಷಕರಿಗೆ ತಿಳಿಸುವುದು ಉಪಾಧ್ಯಾಯರ ಕರ್ತವ್ಯ. ಮಾತು ಪೂರೈಸಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ, ತನ್ನಲ್ಲಿರುವ ಇನ್‌ಹೇಲರನ್ನು ಬಳಸಲು ನೆರವಾಗಿ, ಮಗುವನ್ನು ನೆಟ್ಟಗೆ ಕೂರಿಸಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವಿದ್ಯಾರ್ಥಿನಿಲಯದ ಅಡುಗೆಮನೆಗೆ ಹೊಗೆರಹಿತ ಒಲೆ, ಮಲಗುವ ಕೋಣೆಗೆ ಗಾಳಿಬೆಳಕು, ಹಾಸಿಗೆಗಳಿಗೆ ಬಿಸಿಲು, ಇವೂ ದಾನಿಗಳ ಗಮನಕ್ಕೆ ಯೋಗ್ಯವಾದ ಕಾರ್ಯಗಳು. ಸೀನುವ ಮಗುವಿನ ಕಡೆ ಇಂದು ಹರಿಸಿದ ಲಕ್ಷ್ಯವು ನಾಳೆ ಅದರ ಉಸಿರನ್ನು ಉಳಿಸಬಲ್ಲದು.